ನೀಲಿ ಬಳಿದ ಒರತೆ

೧೭೯೭ ಅಕ್ಟೋಬರ್ ೨, ಸೋಮವಾರ

…ಶಾಯಿಯ ವಿಷಯದಲ್ಲೂ ಸಿಬಿಲ್ಲಾ ಹೇಳಿದ್ದೇ ಸರಿ, ಅನ್ನುವಲ್ಲಿಗೆ ನಿನ್ನೆ ನಿಲ್ಲಿಸಿದ್ದೆ. ಸೂಪು ಆರುತ್ತೆ ಅಂತ ಮಗಳು ಒತಿಲ್ಲಿಯಾ ಕೂಗಿದಳು, ಎದ್ದು ಹೋದೆ. ಓಕ್ ಮರದ ಗಂಟು ಕುಟ್ಟಿ ನೆನೆಸಿದ ಶಾಯಿ ಬರೆಯುವಾಗ ತೆಳ್ಳಗೆ, ಕಂಡೂ ಕಾಣದ ಹಾಗೆ. ಮೂರು ದಿನ ಬಿಟ್ಟು ನೋಡಿದರೆ ಕಡುಗಪ್ಪು. "ಅವಸರದೋರಿಗಲ್ಲ ಇದು" ಅನ್ನುತ್ತಿದ್ದಳು ಸಿಬಿಲ್ಲಾ, ನನ್ನ ಹೆಂಡತಿ. ಈ ಸಲ ಅಂಗಡಿ ಶಾಯಿ ತಂದೆ. ಸೋಮಾರಿತನ. ಆಗಲೇ ಕಂದು ತಿರುಗಿದೆ. ಅವಳು ಹೋಗಿ ಏಳು ತಿಂಗಳು.

ಬೆಳಿಗ್ಗೆಯೆಲ್ಲ ನೆರೆಯ ಡಾಕ್‌ಸ್ಟೇಡರನ ಹಂದಿದೊಡ್ಡಿಯ ಗಡಿ ನಕ್ಷೆ. ಇಂಗ್ಲಿಷ್ ರಾಜನ ವಿರುದ್ಧದ ಯುದ್ಧದ ಕಾಲದಲ್ಲಿ ಸೇನೆಯ ಮುಂದೆ ಅಳತೆ ಸರಪಳಿ ಎಳೆಸಿಕೊಂಡು ಕಾಡು ಅಳೆದವನು ನಾನು. ಆಗ ಕೇಳುತ್ತಿದ್ದರು — ಹಳ್ಳ ಎಲ್ಲಿದೆ, ಗುಡ್ಡ ಎಷ್ಟು ಕಡಿದು, ಫಿರಂಗಿ ಬಂಡಿ ಹತ್ತುತ್ತಾ. ಈಗ ಡಾಕ್‌ಸ್ಟೇಡರ್ ಕೇಳುತ್ತಾನೆ, ಹಂದಿ ಅತ್ತ ನುಗ್ಗುತ್ತಾ. ಎರಡೂ ಒಂದೇ ಗೆರೆ. ಗೆರೆ ಸೊಟ್ಟಗೆ ಹೋಗಿ ಮೂಲೆಯಲ್ಲಿ ಒಂದು ಶಾಯಿ ಬೊಟ್ಟು ಬಿತ್ತು.

"ಅಪ್ಪಾ, ನೀನು ಗೀಟು ಎಳೀತಿದ್ದೀಯೋ, ಗೀಟು ನಿನ್ನ ಎಳೀತಿದೆಯೋ?" ಅಂದಳು ಮಗಳು. ಅಳಿಯ ನಕ್ಕ. ನಾನೂ ನಕ್ಕೆ. ತಾಯಿಯ ನಾಲಿಗೆ ಇವಳಿಗೆ ಬಂದಿದೆ, ತಾಯಿಯ ಕೈ ಬರಲಿಲ್ಲ.

ಸಂಜೆ ವೆಂಡೆಲ್ ಬಂದ. ಸೇನೆಯಲ್ಲಿ ನನ್ನ ಸರಪಳಿಯ ಹಿಂದಿನ ತುದಿ ಹಿಡಿದವನು. ಕಾಲು ಕುಂಟು, ಬಾಯಲ್ಲಿ ಎರಡು ಹಲ್ಲು, ಅವೂ ಒಂದಕ್ಕೊಂದು ಸೇರುವುದಿಲ್ಲ.

"ಏನ್ ಯಜಮಾನ್ರೇ, ಇನ್ನೂ ಇದ್ದೀರಾ? ಗಿರಣಿ ಹತ್ರ ಒಬ್ಬಳು ನಿಮ್ಮನ್ನ ಹುಡುಕ್ತಿದ್ದಾಳೆ."

"ಯಾರೋ?"

"ಕಯುಗಾ ಹೆಂಗಸು, ಈ ನೆಲದ ಹಳೇ ಜನ. ಸರೋವರದ ಕಡೆಯಿಂದ ನಡೆದು ಬಂದಿದ್ದಾಳೆ, ಐದು ದಿನ. ಜೊತೇಲಿ ಒಬ್ಬ ಮುದುಕ, ಸೋದರಮಾವನಂತೆ, ತುಟಿ ಬಿಚ್ಚಲ್ಲ. ನಕ್ಷೆ ಬರೆದೋನು ಎಲ್ಲಿ ಅಂತ ಕೇಳ್ತಿದ್ದಾಳೆ." ನಗುವುದನ್ನು ಬಿಟ್ಟ. "ಮೆಲ್ಕಿಯೋರ್, ಬೆಂಟ್ ಕ್ರೀಕ್ ನಕ್ಷೆ."

ಸೂಪು ಆಮೇಲೆ ರುಚಿಸಲಿಲ್ಲ.

ಅಕ್ಟೋಬರ್ ೩, ಮಂಗಳವಾರ, ಮಧ್ಯಾಹ್ನ

ಬಂದಳು. ನಲವತ್ತು ದಾಟಿರಬೇಕು. ಅಡಿಗೆಮನೆಯ ಬೆಂಚಿನ ಮೇಲೆ ಕೂತಳು. ಸೋದರಮಾವ ಬಾಗಿಲಲ್ಲೇ ನಿಂತ. ಒತಿಲ್ಲಿಯಾ ರೊಟ್ಟಿ, ಸೇಬಿನ ಪಾನಕ ಇಟ್ಟಳು. ಮಾವ ತಿಂದ, ಇವಳು ಮುಟ್ಟಲಿಲ್ಲ.

ನನ್ನ ಜರ್ಮನ್ ಅವಳಿಗೆ ಬರದು, ಅವಳದು ನನಗೆ ಬರದು. ಇಬ್ಬರಿಗೂ ಸೇರದ ಇಂಗ್ಲಿಷಿನಲ್ಲೇ ಮಾತು. ನನ್ನದು ನ್ಯೂಯಾರ್ಕಿನ ಕಾಲೇಜಿನಲ್ಲಿ ಒಂದೂವರೆ ವರ್ಷ ಕಲಿತದ್ದು. ಸಭೆಯಲ್ಲಿ ನಿಂತು ವಾದ ಮಾಡಲು ಹೇಳಿಕೊಟ್ಟ ಇಂಗ್ಲಿಷ್, ಬೆಂಚಿನ ಮೇಲೆ ಕೂತವರ ಜೊತೆ ಆಡಲು ಬರುವುದಿಲ್ಲ. ಅವಳದು ಪಾದ್ರಿಗಳ ಮನೆಯಲ್ಲಿ ಬಟ್ಟೆ ಒಗೆಯುತ್ತಾ ಕಲಿತದ್ದು, ನನ್ನದಕ್ಕಿಂತ ಚೆನ್ನಾಗಿದೆ. ಆ ಭಾಷೆಯಲ್ಲಿ ನೀನು, ನೀವು ಅನ್ನುವ ಭೇದವಿಲ್ಲ. ಅವಳು ಏಕವಚನದಲ್ಲಿ ಅಂದಳು ಅಂತಲೇ ಬರೆದುಕೊಳ್ಳುತ್ತೇನೆ. ನನಗೆ ಅದೇ ಸಲ್ಲುವುದು.

"ಬಿಳಿಯರು ನನ್ನ ಸುಸಾನಾ ಅಂತಾರೆ. ನನ್ನ ಹೆಸರು ನಿನಗೆ ಬೇಕಾಗಿಲ್ಲ. ಇದು ನಿಂದಾ?"

ಮಡಿಚಿದ ಕಾಗದ. ಭೂಮಿ ಕಚೇರಿಯ ಗುಮಾಸ್ತ ಮಾಡಿದ ನಕಲು. ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರಗಳು, ಅವನ್ನೂ ನಕಲು ಮಾಡಿದ್ದಾನೆ, ಪುಣ್ಯಾತ್ಮ.

"ನಂದು."

"ಬೆಂಟ್ ಕ್ರೀಕ್ ನಮ್ಮೂರು. ನಾನು ಹುಟ್ಟಿದ್ದು ಅಲ್ಲೇ." ಹಳ್ಳದ ಆಚೆ ದಡದಲ್ಲಿದ್ದ ನೀಲಿ ಚುಕ್ಕಿಯ ಮೇಲೆ ಬೆರಳಿಟ್ಟಳು. "ಇದೇನು?"

"ಒರತೆ. ಸ್ಪ್ರಿಂಗ್."

"ಅಲ್ಲಿ ಒರತೆ ಇಲ್ಲ."

ಕಾಗದವನ್ನು ಬೆಳಕಿಗೆ ಹಿಡಿದೆ.

"ಹದಿನೈದು ವರ್ಷ ನಾನು ನೀರು ಹೊತ್ತಿದ್ದೇನೆ ಮುದುಕಪ್ಪ, ಹಳ್ಳದಿಂದ. ಮನೆ ಪಕ್ಕ ಒರತೆ ಇದ್ದಿದ್ರೆ ಹೊರ್ತಿರಲಿಲ್ಲ. ಈಗ ಪೂಲ್ ಅಂತ ಒಬ್ಬ ಆ ಜಾಗ ಕೊಂಡಿದ್ದಾನೆ, ಕನೆಕ್ಟಿಕಟ್‌ನೋನು. ನಿನ್ನ ಕಾಗದ ಇಟ್ಕೊಂಡು ನೀರಿಗಾಗಿ ತೋಡ್ತಿದ್ದಾನೆ. ಎರಡು ಗುಂಡಿ ಆಯ್ತು. ನಮ್ಮಮ್ಮನ ಮನೆ ಇದ್ದ ಜಾಗ ಅದು. ಅವಳು ಸಿಗಲೇ ಇಲ್ಲ. ನಿಮ್ಮ ಸೇನೆ ಹೋದ್ಮೇಲೆ ಬಂದು ನೋಡಿದ್ವಿ, ಬೂದಿ. ಬೂದೀಲಿ ಅವಳಿರಲಿಲ್ಲ. ಇಲ್ಲದ ನೀರನ್ನ ನೀನು ಯಾಕೆ ಅಲ್ಲಿ ಹಾಕಿದೆ?"

"ನೆನಪಿಲ್ಲ," ಅಂದೆ. "ತುಂಬ ಹಳೇದು. ಐ ಡು ನಾಟ್ ರಿಕಲೆಕ್ಟ್."

ಆ ರಿಕಲೆಕ್ಟ್ ಅನ್ನುವ ಪದ ಎಲ್ಲಿತ್ತೋ, ಎಷ್ಟು ಸಲೀಸಾಗಿ ಬಂತು.

ಅವಳು ನನ್ನ ಕೈ ನೋಡಿದಳು, ಮುಖವನ್ನಲ್ಲ. ಎದ್ದಳು. "ನಾನು ವಾಪಸ್ ಹೋಗ್ತೀನಿ. ಅವನು ತೋಡೋ ಕಡೆ ಕೂತಿರ್ತೀನಿ. ನೆನಪಾದ್ರೆ ಬಾ."

ಮಾವ ಹೋಗುವಾಗ ಒತಿಲ್ಲಿಯಾಳಿಗೆ ತಲೆ ಬಾಗಿಸಿದ. ನನಗಲ್ಲ.

ಅಕ್ಟೋಬರ್ ೫, ಗುರುವಾರ

ಅಳತೆ ಪುಸ್ತಕ ತೆಗೆದೆ. ಪೆಟ್ಟಿಗೆಯ ತಳದಲ್ಲಿತ್ತು, ಸಿಬಿಲ್ಲಾಳ ಉಣ್ಣೆ ಶಾಲಿನ ಕೆಳಗೆ. ೧೭೭೯ ಸೆಪ್ಟೆಂಬರ್ ೨೩ರ ಪುಟ.

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಆ ಶರತ್ಕಾಲದಲ್ಲಿ ಸೇನೆ ಸರೋವರಗಳ ಸುತ್ತ ಊರು ಸುಡುತ್ತಾ ಹೋಯಿತು. ಕಯುಗಾ ಜನ, ಸೆನೆಕಾ ಜನ ಇಂಗ್ಲಿಷ್ ರಾಜನ ಕಡೆ ಅಂತ. ಪೀಚ್ ಮರಗಳನ್ನೂ ಕಡಿದರು, ಜೋಳವನ್ನೂ ಸುಟ್ಟರು. ನನ್ನ ಕೆಲಸ ದಾರಿ ಅಳೆಯುವುದು, ಊರು ಸಿಕ್ಕರೆ ಮನೆ ಎಣಿಸುವುದು. ಬೆಂಟ್ ಕ್ರೀಕಿನ ಜನ ಹಿಂದಿನ ದಿನವೇ ಕಾಡು ಸೇರಿದ್ದರು. ದಿಬ್ಬದ ಮೇಲೆ ದಿಕ್ಸೂಚಿ ನಿಲ್ಲಿಸಿ ಒಂದೊಂದೇ ಮನೆಗೆ ನೋಟ ಹಿಡಿದೆ. ಹದಿನೆಂಟು ಮನೆ ಈಚೆ ದಡದಲ್ಲಿ. ಆ ಹದಿನೆಂಟಕ್ಕೂ ನಡೆದು ಹೋಗಿ ನೋಡಿದೆ. ಹತ್ತೊಂಬತ್ತನೆಯದು ಹಳ್ಳದ ಆಚೆ, ಒಂಟಿ, ಮರದ ತೊಗಟೆ ಹೊದಿಸಿದ ಮನೆ.

ನಮ್ಮ ಕಸುಬಿನಲ್ಲಿ ಒಂದು ನೇಮ ಇದೆ. ಕಾಲಿಟ್ಟು ಕಂಡದ್ದಕ್ಕೆ ಪೂರ್ಣ ಗೆರೆ, ಕಣ್ಣಳತೆಯಲ್ಲಿ ಕಂಡದ್ದಕ್ಕೆ ಚುಕ್ಕಿಗೆರೆ. ಮೊದಲ ದಿನವೇ ಹೇಳಿಕೊಡುವ ಪಾಠ. ಚುಕ್ಕಿಗೆರೆ ಹಾಕಿದವನನ್ನು ಯಾರೂ ಬೈಯುವುದಿಲ್ಲ. ನೋಡಿಲ್ಲ ಅಂತ ಒಪ್ಪಿಕೊಂಡ ಹಾಗೆ ಅದು, ಅಷ್ಟೇ.

ನನ್ನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ಬೂಟು ಬಿಚ್ಚಿ, ಹಳ್ಳ ದಾಟಿ, ಮತ್ತೆ ಒದ್ದೆ ಕಾಲಿಗೆ ಬೂಟು… ಬೇಸರ. ದಡದಲ್ಲಿ ನಿಂತು ನೋಡಿದೆ. ಹೊಗೆ ಇಲ್ಲ, ನಾಯಿ ಇಲ್ಲ. ಪೂರ್ಣ ಗೆರೆ ಹಾಕಿದೆ.

ಕ್ಯಾಪ್ಟನ್ ಕೇಳಿದ, ಎಲ್ಲ ಖಾಲಿಯೇ? ಹತ್ತೊಂಬತ್ತೂ ಖಾಲಿ ಅಂದೆ. ಅವನ ಕಡೆಯವರು ಹಳ್ಳ ದಾಟಿದರು, ಅವರ ಕಾಲಿಗೆ ಬೊಕ್ಕೆ ಇರಲಿಲ್ಲ. ತೊಗಟೆಯ ಮಾಡು ಗಳಿಗೆಯಲ್ಲಿ ಹತ್ತಿಕೊಂಡಿತು.

ಸೇನೆ ಮುಂದಕ್ಕೆ ಹೊರಟ ಮೇಲೆ ಹಳ್ಳದ ಆಚೆಯ ಗೆರೆ ಅಳೆಯಲು ಸರಪಳಿ ಹಿಡಿದು ಹೋದವನು ವೆಂಡೆಲ್. ಅವನು ಕೂಗಲಿಲ್ಲ, ಕೈ ಎತ್ತಿದ. ಮುದುಕಿ. ಹೊಸ್ತಿಲವರೆಗೆ ತೆವಳಿ ಬಂದಿದ್ದಳು. ಸುಟ್ಟಿರಲಿಲ್ಲ. ಹೊಗೆ. ಕೈಯಲ್ಲಿ ಮರದ ಸೌಟು. ಕೂಗು ನಮಗೆ ಕೇಳಿಸಿರಲಿಲ್ಲ. ಕೇಳಿಸಿರಲಿಲ್ಲ ಅಂತ ಹದಿನೆಂಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕೊಡಲಿಯಿಂದಲೂ ಕಬ್ಬಿಣದ ಪಾತ್ರೆಯಿಂದಲೂ ಮಣ್ಣು ತೆಗೆದೆವು. ಎರಡು ಮರಕ್ಕೆ ಗುರುತು ಕೆತ್ತಿ, ಅಲ್ಲಿಂದ ದಿಕ್ಕು, ದೂರ ಬರೆದುಕೊಂಡೆ. ಯಾಕೆ ಬರೆದುಕೊಂಡೆ? ಚಾಳಿ. ಪುಸ್ತಕದಲ್ಲಿ ಒಂದು ತ್ರಿಕೋನ, ಹೆಸರಿಲ್ಲ. ಯಾರಿಗೂ ವರದಿ ಮಾಡಲಿಲ್ಲ.

ಅದೇ ದಿನ, ಸ್ವಲ್ಪ ಹೊತ್ತಾದ ಮೇಲೆ

ಸಿಬಿಲ್ಲಾಳ ವಿಷಯ ಬರೆಯದೆ ಎದ್ದುಹೋಗಿದ್ದೆ.

ಆ ಚಳಿಗಾಲ ನನ್ನ ಕರಡುಗಳನ್ನು ಶುದ್ಧಪ್ರತಿ ಮಾಡಿ ಬಣ್ಣ ಹಾಕಿದವಳು ಅವಳು. ಕಾಡಿಗೆ ಬೂದು ಹಸಿರು, ರಸ್ತೆಗೆ ಕಂದು, ನೀರಿಗೆ ನೀಲಿ. ನನ್ನ ಹೆಸರಿನಲ್ಲಿ ಹೊಗಳಿಸಿಕೊಂಡ ನಕ್ಷೆಗಳೆಲ್ಲ ಅವಳ ಕೈಯವು. ತ್ರಿಕೋನದ ಹತ್ತಿರ ಬಂದು ಕೇಳಿದಳು, "ಇದಕ್ಕೆ ಹೆಸರಿಲ್ಲವಲ್ಲ, ಏನಿದು?"

"ಒರತೆ," ಅಂದೆ. ಬಾಯಿಗೆ ಅದೇ ಬಂತು.

"ಒರತೆ ಅಂದ್ರೆ ನೀರು ಎಲ್ಲಿಗಾದ್ರೂ ಹರೀಬೇಕಲ್ಲ," ಅಂದಳು. ಅತಿ ಸಣ್ಣ ಕುಂಚ ತೆಗೆದು, ಉಸಿರು ಹಿಡಿದು, ತ್ರಿಕೋನದ ಜಾಗಕ್ಕೆ ನೀಲಿ ಚುಕ್ಕಿ ಇಟ್ಟು, ಅಲ್ಲಿಂದ ಹಳ್ಳದವರೆಗೆ ಕೂದಲಿನಂಥ ಒಂದು ನೀಲಿ ಗೆರೆ ಎಳೆದಳು. ತಲೆ ಓರೆ ಮಾಡಿ ನೋಡಿದಳು. ಅಷ್ಟು ಚಂದದ ಗೆರೆಯನ್ನು ನಾನು ಬೇಡ ಅನ್ನಲಿಲ್ಲ.

ಅದು ಸೇನೆಗೆ ಹೋಯಿತು, ಅಲ್ಲಿಂದ ಭೂಮಿ ಕಚೇರಿಗೆ, ಅಲ್ಲಿಂದ ಪೂಲನ ಕೈಗೆ. ನಮ್ಮ ಮನೆಯಲ್ಲೂ ಅವಳ ಕೈಯದೇ ಒಂದು ಪ್ರತಿ ಇದೆ.

ಈ ಫೆಬ್ರವರಿ ಕೊನೆಯಲ್ಲಿ, ಎದೆ ಕಟ್ಟಿ ಎರಡು ಮಾತಿಗೆ ಒಂದು ಸಲ ನಿಲ್ಲುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು, "ಆ ಒರತೆ ನೀರು ಕುಡಿದಿದ್ರಾ ನೀವು?"

ಎಷ್ಟೋ ಒರತೆಗಳಿಗೆ ಬಣ್ಣ ಹಾಕಿದವಳು. ಯಾವುದು ಅಂತ ನಾನು ಕೇಳಲಿಲ್ಲ.

"ಸಿಹಿನೀರು," ಅಂದೆ.

ತುಂಬ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಗೋಡೆ ಕಡೆ ಹೊರಳಿದಳು.

ಅಕ್ಟೋಬರ್ ೯, ಸೋಮವಾರ

ಮೂರು ದಿನ ಬರೆಯಲಿಲ್ಲ. ಅಂದರೆ ಇಲ್ಲಿ ಬರೆಯಲಿಲ್ಲ. ಸುಸಾನಾಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಕೂತಿದ್ದೆ. ಪಾದ್ರಿಗಳು ಓದಿ ಹೇಳಿಯಾರು ಅಂತ. ಕಾಲೇಜಿನದು ಏನೇನು ನೆನಪಿದೆಯೋ ಎಲ್ಲ ಸುರಿದೆ. 'ವಿಥ್ ಡ್ಯೂ ರೆಸ್ಪೆಕ್ಟ್' ಅಂತ ಶುರು, 'ಯುವರ್ ಮೋಸ್ಟ್ ಒಬೀಡಿಯೆಂಟ್ ಹಂಬಲ್ ಸರ್ವೆಂಟ್' ಅಂತ ಕೊನೆ. ನಡುವೆ 'ಅನ್‌ಫಾರ್ಚುನೇಟ್ ಸರ್ಕಮ್‌ಸ್ಟೆನ್ಸ್' ಎರಡು ಕಡೆ. ಓದಿ ನೋಡಿದರೆ ಗೋದಾಮಿನಲ್ಲಿ ಹಿಟ್ಟು ಹಾಳಾದ ವರದಿಯ ಹಾಗಿತ್ತು. ಒಲೆಗೆ ಹಾಕಿದೆ.

ವೆಂಡೆಲ್ ಬಂದು ಒಲೆಯ ಮುಂದೆ ಕಾಲು ಚಾಚಿದ.

"ಕಾಗದ ಬರೆದ್ರೆ ಆಗಲ್ಲ ಕಣಯ್ಯ. ಹೋಗ್ಬೇಕು."

"ನೂರು ಮೈಲಿ, ವೆಂಡೆಲ್. ನನಗೆ ಅರವತ್ತಾರು."

"ನಂಗೇನು ಹದಿನಾರಾ? ಆ ಪೂಲ್ ಗುಂಡಿ ಮೇಲೆ ಗುಂಡಿ ತೋಡ್ತಿದ್ದಾನೆ. ಇವತ್ತಲ್ಲ ನಾಳೆ ಅವನ ಗುದ್ದಲಿಗೆ ಸಿಕ್ತಾಳೆ. ಸಿಕ್ಕಿದ್ದನ್ನ ಹಂದಿಗೆ ಎಸೀತಾನೋ, ಹಳ್ಳಕ್ಕೆ ಎಸೀತಾನೋ. ಮೂರನೇ ಸಲ ಸಾಯ್ಬೇಕಾ ಆಯಮ್ಮ?"

"ಮೂರನೇ ಸಲ?"

"ಒಂದು ಹೊಗೇಲಿ. ಇನ್ನೊಂದು ನಿನ್ನ ನಕ್ಷೇಲಿ."

ವೆಂಡೆಲ್ ಇಷ್ಟು ವರ್ಷದಲ್ಲಿ ಈ ಮಾತು ಎತ್ತಿದ್ದು ಇದೇ ಮೊದಲು. ನಾನು ಏನೋ ಅನ್ನಲು ಹೋದೆ.

"ನಾನೂ ತೋಡಿದೋನೇ," ಅಂದ. "ನಿನ್ನೊಬ್ಬನದೇ ಅಂದ್ಕೋಬೇಡ, ದೊಡ್ಡಸ್ತಿಕೆ."

ಒತಿಲ್ಲಿಯಾ ರಂಪ ಮಾಡಿದಳು. "ಈ ವಯಸ್ಸಲ್ಲಿ ಎಲ್ಲಿಗಪ್ಪಾ? ಹಳೇ ಸೇನೆ ಕರೀತಿದೆಯಾ?" ಒರತೆ ತಪ್ಪಾಗಿದೆ, ಸರಿ ಮಾಡಬೇಕು ಅಂದೆ. "ಒಂದು ಒರತೆಗೆ ಇಬ್ಬರು ಮುದುಕರು!" ಅಂದಳು. ಆದರೂ ಬೂಟಿನೊಳಕ್ಕೆ ಉಣ್ಣೆ ತುರುಕಿ ಕೊಟ್ಟಳು.

ಅಕ್ಟೋಬರ್ ೧೪, ಶನಿವಾರ

ದಾರಿಯ ಛತ್ರ. ಮಳೆ. ಬಂಡಿಯ ಅಚ್ಚು ಮುರಿದು ಒಂದು ದಿನ ಹೋಯಿತು. ಈ ರಸ್ತೆ ನಾನು ಅಳೆದದ್ದೇ. ಆಗ ಕಾಡು, ಈಗ ಎರಡೂ ಕಡೆ ಮನೆ, ಗದ್ದಲ, ಬೇಲಿ. ಒಂದು ಮಗು ನಮ್ಮ ಬಂಡಿಯನ್ನು ನೋಡಿ ಕೈ ಬೀಸಿತು.

ಏನು ಹೇಳಬೇಕು ಅಂತ ಬಂಡಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಕಟ್ಟುತ್ತಿದ್ದೆ. ವೆಂಡೆಲ್ ಅಂದ, "ತುಟಿ ಅಲ್ಲಾಡ್ತಿದೆ. ಪ್ರಾರ್ಥನೇನಾ?" ಅಲ್ಲ ಅಂದೆ. "ಹಾಗಾದ್ರೆ ನಿಲ್ಸು, ಕುದುರೆ ಹೆದರುತ್ತೆ."

ಅಕ್ಟೋಬರ್ ೧೭, ಮಂಗಳವಾರ, ಬೆಂಟ್ ಕ್ರೀಕ್

ತಲುಪಿದೆವು. ದಿಬ್ಬ ಅದೇ. ಪೀಚ್ ಮರದ ಬುಡಗಳಿಂದ ಹೊಸ ಚಿಗುರು ಎದ್ದು ಈಗ ಆಳೆತ್ತರ. ಹದಿನೆಂಟು ಮನೆ ಇದ್ದಲ್ಲಿ ಪೂಲನ ಗೋಧಿ.

ಅಬೈಜಾ ಪೂಲ್ ಉದ್ದ, ಒಣಕಲು, ಮಾತು ಮಾತ್ರ ತೇವ. ನಾನು ಯಾರು ಅಂತ ತಿಳಿದೊಡನೆ ಹಲ್ಲು ಕಿರಿದ.

"ಓಹೋ, ಒರತೆ ಸಾಹೇಬರು! ಬನ್ನಿ ಬನ್ನಿ. ನಾಲ್ಕು ಗುಂಡಿ ತೋಡಿದೆ ನಿಮ್ಮ ಒರತೆಗೆ. ಬೆವರು ಬಿಟ್ರೆ ಬೇರೆ ನೀರು ಕಾಣಲಿಲ್ಲ. ನಕ್ಷೇಲಿ ಹರಿಯೋ ಹಾಗೆ ನೆಲದಲ್ಲೂ ಹರೀಲಿ ಅಂತ ಸ್ವಲ್ಪ ಹೇಳಿ!"

"ಒರತೆ ಇಲ್ಲ," ಅಂದೆ. "ನಕ್ಷೆ ತಪ್ಪು."

"ಇಲ್ಲ ಅಂದ್ರೆ?"

"ನಾನೇ ಸುಳ್ಳು ಬರೆದೆ. ಹಳ್ಳದ ಪಕ್ಕ ಬಾವಿ ತೋಡು, ಹನ್ನೆರಡು ಅಡಿಗೆ ನೀರು ಬರುತ್ತೆ. ಆಚೆ ದಡದಲ್ಲಿ ಗುದ್ದಲಿ ಹಾಕಬೇಡ."

ಅವನು ನನ್ನನ್ನೂ ವೆಂಡೆಲನನ್ನೂ ನೋಡಿದ. ಆಚೆ ದಡದಲ್ಲಿ, ನಾಲ್ಕನೆಯ ಗುಂಡಿಯ ಅಂಚಿನಲ್ಲಿ, ಸುಸಾನಾ ಕೂತಿದ್ದಳು. ಎಂಟು ದಿನದಿಂದ ಹೀಗೇ ಕೂತಿದ್ದಾಳಂತೆ. "ಬರೀ ನೋಡ್ತಾಳೆ," ಅಂದ ಪೂಲ್, ದನಿ ತಗ್ಗಿಸಿ. "ಕೆಲಸ ಮಾಡೋಕೆ ಕೈ ಬರಲ್ಲ ಹಾಗೆ ನೋಡಿದ್ರೆ. ನನ್ನ ಹೆಂಡ್ತಿ ಸೂಪು ಕಳಿಸಿದ್ಲು, ಮಾವ ತಿಂದ."

ಬೂಟು ಬಿಚ್ಚಿದೆ. ನೀರು ಮಂಜಿನಷ್ಟು ತಣ್ಣಗೆ. ವೆಂಡೆಲ್ ಹೆಗಲು ಕೊಟ್ಟ. ಇಪ್ಪತ್ತೇ ಹೆಜ್ಜೆ ಆ ಹಳ್ಳ. ಮೊಣಕಾಲೂ ಮುಳುಗಲಿಲ್ಲ.

ಅವಳ ಎದುರು ನೆಲದ ಮೇಲೆ ಕೂತೆ. ಬಂಡಿಯಲ್ಲಿ ಕಟ್ಟಿದ್ದ ಇಂಗ್ಲಿಷ್ ಒಂದು ಪದವೂ ಬರಲಿಲ್ಲ. ಮಕ್ಕಳ ಹಾಗೆ ಹೇಳಿದೆ. ಮನೆ ಖಾಲಿ ಅಂದವನು ನಾನು. ಒಳಗೆ ನೋಡಿರಲಿಲ್ಲ. ಕಾಲು ನೋಯುತ್ತಿತ್ತು. ನಿನ್ನ ಅಮ್ಮ ಒಳಗಿದ್ದಳು. ನಾವು ಹೂತೆವು. ನೀರು ಅಂತ ಸುಳ್ಳು ಬರೆದೆ.

ಅವಳು ಮಾವನಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ನಾನು ಅಷ್ಟುದ್ದ ಹೇಳಿದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಮಾವ ಕಂಬಳಿ ತಲೆಯ ಮೇಲೆ ಎಳೆದುಕೊಂಡ.

"ಅವಳ ಕೈಯಲ್ಲಿ ಏನಾದ್ರೂ ಇತ್ತಾ?"

"ಸೌಟು. ಮರದ್ದು. ಹಿಡಿಯ ತುದೀಲಿ ಹಕ್ಕಿ."

"ಯಾವ ಹಕ್ಕಿ?"

"ಬಾತು. ಕುತ್ತಿಗೆ ಹಿಂದಕ್ಕೆ ತಿರುಗಿಸಿದ್ದು. ಅದನ್ನೂ ಜೊತೇಲೇ ಇಟ್ವಿ."

ಆಗ ಮುಖ ಮುಚ್ಚಿಕೊಂಡಳು. ಆಮೇಲೆ, ನನಗಲ್ಲ, ಗುಂಡಿಗೆ ಹೇಳಿದ ಹಾಗೆ ಹೇಳಿದಳು. "ಅವಳಿಗೆ ನಡೆಯೋಕಾಗ್ತಿರಲಿಲ್ಲ. ನನ್ನ ಬೆನ್ನ ಮೇಲೆ ಮಗು. ಮಗುನ ಕಾಡಲ್ಲಿ ನಮ್ಮೋರ ಹತ್ರ ಬಿಟ್ಟು ನಾಳೆ ಬಂದು ನಿನ್ನ ಹೊತ್ಕೊಂಡು ಹೋಗ್ತೀನಿ ಅಂದೆ. ಒಲೆ ಹಚ್ಚಬೇಡ, ಹೊಗೆ ಕಂಡ್ರೆ ಬರ್ತಾರೆ ಅಂದೆ."

ಹೊಗೆ ಕಾಣಲಿಲ್ಲ ಅಂತಲೇ ನಾನು ಖಾಲಿ ಅಂದದ್ದು. ಅದನ್ನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಅವಳಿಗೆ ಅರ್ಥವಾಗಿತ್ತು.

"ನಾನು ಏನು ಮಾಡಿದರೆ…" ಅಂತ ಶುರು ಮಾಡಿದೆ.

"ನಿಂದು ನಿನ್ನ ಹತ್ರ ಇರಲಿ," ಅಂದಳು. "ನಂದು ನನ್ನ ಹತ್ರ ಇದೆ. ಜಾಗ ತೋರಿಸು."

ಅಕ್ಟೋಬರ್ ೧೮, ಬುಧವಾರ, ಬೆಳಿಗ್ಗೆ

ಗುರುತಿನ ಮರಗಳಲ್ಲಿ ಒಂದು ಎಲ್ಮ್. ಪೂಲ್ ಹೋದ ವರ್ಷ ಕಡಿದು ಕೊಟ್ಟಿಗೆಗೆ ತೊಲೆ ಮಾಡಿದ್ದಾನೆ. ಇನ್ನೊಂದು ಬಿಳಿ ಓಕ್. ಕಾಡಿನ ಅಂಚಿನಲ್ಲಿ ಆರು ಓಕ್ ಇವೆ, ಯಾವುದು? ಗುರುತೆಲ್ಲ ತೊಗಟೆಯೊಳಗೆ ಮುಚ್ಚಿಹೋಗಿದೆ. ವೆಂಡೆಲ್ ಒಂದೊಂದರ ಮೈ ಸವರುತ್ತಾ ಹೋದ, ದನ ಕೊಳ್ಳುವವನ ಹಾಗೆ. ನಾಲ್ಕನೆಯದಕ್ಕೆ ನಿಂತ. "ಇಲ್ಲಿ ಸುಕ್ಕಿದೆ."

ಕೊಡಲಿಯಿಂದ ಹದವಾಗಿ ಸೀಳಿದ. ಒಳಗೆ, ಮರದೊಳಗೆ, ನನ್ನ ಮೂರು ಕಚ್ಚು, ನಿನ್ನೆ ಕೆತ್ತಿದ ಹಾಗೆ. ಅದರ ಮೇಲೆ ಬೆಳೆದ ಉಂಗುರ ಎಣಿಸಿದೆ. ಹದಿನೆಂಟು. ಮರಕ್ಕೆ ಲೆಕ್ಕ ತಪ್ಪುವುದಿಲ್ಲ.

ಸುಸಾನಾ ಆ ಸೀಳಿನೊಳಕ್ಕೆ ಬೆರಳು ಇಟ್ಟು ನೋಡಿದಳು.

ದಿಕ್ಸೂಚಿ ಹೂಡಿದೆ. ಸೂಜಿಯೂ ಇಷ್ಟು ವರ್ಷ ಒಂದೇ ಕಡೆ ನಿಲ್ಲುವುದಿಲ್ಲ, ಅರ್ಧ ಡಿಗ್ರಿ ಸರಿದಿರಬೇಕು, ಅದನ್ನು ಕಳೆದೆ. ವೆಂಡೆಲ್ ಸರಪಳಿ ಹಿಡಿದ. ಓಕಿನಿಂದ ಒಂದು ಸರಪಳಿ, ಮೇಲೆ ನಲವತ್ತು ಕೊಂಡಿ, ಸುಮಾರು ತೊಂಬತ್ತೆರಡು ಅಡಿ. ಕಡ್ಡಿ ಊರಿದ ಜಾಗ ಪೂಲನ ನಾಲ್ಕನೆಯ ಗುಂಡಿಯಿಂದ ಎರಡು ಮಾರು. ಅವನು ಮುಂದೆ ತೋಡಬೇಕೆಂದಿದ್ದದ್ದು ಅಲ್ಲೇ ಅಂತೆ, ನೂಲು ಕೂಡ ಕಟ್ಟಿದ್ದ. ಬಂದು ನೋಡಿದ, ತಾನೇ ನೂಲು ಬಿಚ್ಚಿದ, ಟೋಪಿ ತೆಗೆದು ಮನೆ ಕಡೆ ಹೋದ.

ಗುದ್ದಲಿಗೆ ಕೈ ಹಾಕಿದೆ. ಸುಸಾನಾ ನನ್ನ ಕೈಯಿಂದ ತೆಗೆದುಕೊಂಡಳು. "ನೀನಲ್ಲ."

ದೂರ ಬಂದು ಬಂಡಿಯ ಹತ್ತಿರ ಕೂತೆ. ಸಿಬಿಲ್ಲಾಳ ಕೈಯ ಪ್ರತಿಯನ್ನು ತಂದಿದ್ದೆ. ಮೊಣಕಾಲ ಮೇಲೆ ಹಾಸಿ, ಲೇಖನಿಯ ಚಾಕುವಿನಿಂದ ನೀಲಿ ಚುಕ್ಕಿಯನ್ನು ಕೆರೆದೆ. ಚುಕ್ಕಿ ಬೇಗ ಹೋಯಿತು. ಆ ಕೂದಲ ಗೆರೆ ಹೋಗಲು ಹೊತ್ತಾಯಿತು, ಕಾಗದದ ಒಳಕ್ಕೆ ಇಳಿದಿತ್ತು. ಅವಳು ಉಸಿರು ಹಿಡಿದು ಎಳೆದದ್ದು. ಕೆರೆಯುವಾಗ ನಾನೂ ಉಸಿರು ಹಿಡಿದಿದ್ದೆ ಅಂತ ಆಮೇಲೆ ತಿಳಿಯಿತು. ಕಾಗದ ಅಲ್ಲಿ ಈಗ ತೆಳ್ಳಗಿದೆ, ಬಿಸಿಲಿಗೆ ಹಿಡಿದರೆ ಆಚೆ ಕಡೆಯ ಹುಲ್ಲು ಕಾಣುತ್ತದೆ.

ಕುಡಿದಿದ್ರಾ ಅಂತ ಕೇಳಿದಾಗ ಹೇಳಬಹುದಿತ್ತು. ಕೊಠಡಿಯಲ್ಲಿ ಇಬ್ಬರೇ ಇದ್ದೆವು.

ಅದೇ ದಿನ, ಸಂಜೆ

ಸಿಕ್ಕಳು. ಸೌಟಿನ ಮರ ಮಣ್ಣಾಗಿದೆ. ಮಣಿಗಳು ಇವೆ ಅಂತ ವೆಂಡೆಲ್ ಹೇಳಿದ. ನಾನು ನೋಡಲಿಲ್ಲ.

ಸುಸಾನಾ ಬಂದು ನನ್ನ ಮುಂದೆ ನಿಂತಳು. ಮೊಣಕೈವರೆಗೆ ಮಣ್ಣು. "ಇವಳನ್ನ ಬೇರೆ ಕಡೆ ಇಡ್ತೀವಿ. ಎಲ್ಲಿ ಅಂತ ನೀವಿಬ್ಬರೂ ನೋಡಬಾರದು. ದಿಬ್ಬದ ಮೇಲೆ ಹೋಗಿ ಸರೋವರದ ಕಡೆ ಮುಖ ಮಾಡಿ ಕೂತ್ಕೊಳ್ಳಿ. ನಾವು ಹೋದ್ಮೇಲೆ ಏಳಿ. ಯಾವ ಕಾಗದದಲ್ಲೂ ಅವಳು ಇರೋದು ಬೇಡ."

"ಆಯ್ತು," ಅಂದೆ.

"ಸತ್ಯ ಹೇಳು ಮುದುಕಪ್ಪ."

"ಬರೆಯಲ್ಲ."

ಹಾಗಾಗಿ ಇಲ್ಲಿ ಕೂತಿದ್ದೇವೆ. ದಿಕ್ಸೂಚಿ ನಿಲ್ಲಿಸಿದ್ದ ಅದೇ ದಿಬ್ಬ, ಆದರೆ ಬೆನ್ನು ಊರಿಗೆ. ಮುಂದೆ ಸರೋವರ, ಬಾತುಗಳ ಸಾಲು. ವೆಂಡೆಲ್ ಕಣ್ಣು ಮುಚ್ಚಿಕೊಂಡೇ ಕೂತಿದ್ದಾನೆ, ನಂಬಿಕೆಯಿಲ್ಲವಂತೆ ತನ್ನ ಮೇಲೆ. ನಾನು ಪುಸ್ತಕ ತೊಡೆಯ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ, ಕಣ್ಣು ಕಾಗದದಲ್ಲಿರಲಿ ಅಂತ.

ಹೊರಟರು. ಹೆಜ್ಜೆ ಕೇಳುತ್ತದೆ. ಇಬ್ಬರದು, ನಿಧಾನ, ಸಮ. ಹೊತ್ತು ನಡೆಯುವವರ ಹೆಜ್ಜೆ. ಒಣಗಿದ ಎಲೆ, ಆಮೇಲೆ ಕಲ್ಲು, ಮತ್ತೆ ಎಲೆ.

ಎಣಿಸಬಾರದು ಅಂದುಕೊಂಡೆ. ನಲವತ್ತು ವರ್ಷ ಹೆಜ್ಜೆ ಎಣಿಸಿ ಬದುಕಿದವನು. ಎಣಿಕೆ ತಾನಾಗಿ ನಡೆದುಬಿಟ್ಟಿತು, ನಿಲ್ಲಿಸಲಾಗಲಿಲ್ಲ. ಸದ್ದು ಯಾವ ಕಿವಿಗೆ ಬಿತ್ತು, ಎಲ್ಲಿ ತಿರುಗಿತು, ಎಲ್ಲ ತಲೆಯಲ್ಲಿ ಗೆರೆಯಾಗಿ ಬಿದ್ದಿದೆ. ಈಗ ನಿಂತರು. ಎಷ್ಟು ಹೆಜ್ಜೆ ಅಂತ ಗೊತ್ತು. ಯಾವ ದಿಕ್ಕು ಅಂತ ಗೊತ್ತು. ಬೇಕೆಂದರೆ ಕಣ್ಣು ಕಟ್ಟಿ ಬಿಟ್ಟರೂ ಹೋಗಿ ನಿಲ್ಲಬಲ್ಲೆ.

ಬರೆಯುವುದಿಲ್ಲ. ಲೇಖನಿ ಆ ಸಂಖ್ಯೆಯ ಮೊದಲ ಅಂಕಿಗೆ ತಾನೇ ಬಾಗಿತು, ಗೀಚುವ ಮೊದಲೇ ಎತ್ತಿದೆ.

"ಮುಗೀತಾ?" ಅಂತ ವೆಂಡೆಲ್ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಇಲ್ಲ."

"ಅಳ್ತಿದ್ದೀಯಾ?"

"ಸುಮ್ನಿರೋ."

ಅವಳು ಏನೋ ಹೇಳುತ್ತಿದ್ದಾಳೆ, ತನ್ನ ಭಾಷೆಯಲ್ಲಿ, ತಾಯಿಗೆ. ಮೆಲ್ಲಗೆ, ತಡೆದು ತಡೆದು. ಮಾವನ ದನಿಯೂ ಕೇಳುತ್ತಿದೆ, ಇವತ್ತೇ ಮೊದಲ ಸಲ. ನನಗೆ ಒಂದು ಪದವೂ ತಿಳಿಯದು, ಅದೇ ಒಳ್ಳೆಯದು. ಸಿಬಿಲ್ಲಾ, ನಾನು ಆ ನೀರು ಕುಡಿಯಲಿಲ್ಲ, ಅಲ್ಲಿ ನೀರೇ… ಸರೋವರ ಕಪ್ಪಾಗಿದೆ. ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿ